ಹೊಲದಲ್ಲಿನ ಮಣ್ಣಿನ ಒಡ್ಡು ಮತ್ತು ಅದರ ದೇಖರೇಖಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು, ಮಸ್ಕಿ ಕಡೆ ಹೊಲದ ತಗ್ಗಿಗೆ ಅಡ್ಡ ಒಂದು ಒಡ್ಡು ಹಾಕಿ ಮಳೆ ನೀರು ನಿಲ್ಲಿಸಿಕೊಂಡ ರೈತರು ಬೇಕಾದಷ್ಟು ಜನ ಸಿಗುತ್ತಾರೆ. ಕಟ್ಟುವಾಗ ಜೆಸಿಬಿ ಬರುತ್ತದೆ, ಟ್ರ್ಯಾಕ್ಟರ್ ಬರುತ್ತದೆ, ಪೂಜೆಯೂ ಆಗುತ್ತದೆ. ಆಮೇಲೆ ಮಾತ್ರ ಆ ಕಡೆ ತಿರುಗಿ ನೋಡುವವರು ಕಡಿಮೆ. ಈ ಪುಟ ಇರುವುದು ಆ ಆಮೇಲಿನ ಕೆಲಸಕ್ಕೆ.

ಇಲ್ಲಿ ಹೇಳಿದ್ದು ಸ್ವಂತ ಜಮೀನಿನಲ್ಲಿರುವ, ಸುಮಾರು 10 ಅಡಿವರೆಗಿನ ಒಡ್ಡುಗಳಿಗೆ. ಅದಕ್ಕಿಂತ ಎತ್ತರ ಇದ್ದರೆ, ಅಥವಾ ಎತ್ತರ ಎಷ್ಟೇ ಇರಲಿ, ಕೆಳಗೆ ಮನೆಯೋ ರಸ್ತೆಯೋ ಇದ್ದರೆ, ಇಂಜಿನಿಯರ್ ಒಬ್ಬರು ಬಂದು ಕಣ್ಣಾರೆ ನೋಡಲೇಬೇಕು.

ನಮ್ಮ ಕಡೆ ಮಳೆನೇ ಇಲ್ಲ. ಒಡ್ಡು ಒಡೆಯುವಷ್ಟು ನೀರು ಎಲ್ಲಿಂದ ಬರಬೇಕು?

ಈ ಪ್ರಶ್ನೆ ಬರದ ವರ್ಷದಲ್ಲಿ ಜಾಸ್ತಿ ಬರುತ್ತದೆ. ರಾಯಚೂರು, ಕೊಪ್ಪಳ, ಬಳ್ಳಾರಿ, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ವರ್ಷದ ಮಳೆ 600 ಮಿ.ಮೀ. ಆಸುಪಾಸು, ನಿಜ. ಆದರೆ ಅದು ಹಂಚಿಕೊಂಡು ಬೀಳುವುದಿಲ್ಲ. ಜೂನ್, ಜುಲೈ ಪೂರ್ತಿ ಮುಗಿಲು ನೋಡಿಸಿ, ಹುಬ್ಬೆ, ಉತ್ತರೆ, ಹಸ್ತ ಮಳೆಯಲ್ಲಿ ಒಂದೇ ರಾತ್ರಿ ಸುರಿದು ಹೋಗುತ್ತದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳನ್ನು ನೆನಪಿಸಿಕೊಳ್ಳಿ. ಬರದ ಸೀಮೆ ಅನ್ನಿಸಿಕೊಂಡ ಇವೇ ಜಿಲ್ಲೆಗಳು ನಾಲ್ಕೈದು ದಿನದ ಮಳೆಗೆ ಮುಳುಗಿ ಹೋಗಿದ್ದವು. ಒಡ್ಡು ತಡೆದುಕೊಳ್ಳಬೇಕಾದದ್ದು ವರ್ಷದ ಮಳೆಯನ್ನಲ್ಲ, ಆ ಒಂದು ರಾತ್ರಿಯ ಮಳೆಯನ್ನು.

ಒಡ್ಡು ಒಡೆಯುವುದು ಯಾವುದರಿಂದ?

ಹೆಚ್ಚಿನವು ಎರಡೇ ಕಾರಣಕ್ಕೆ ಒಡೆಯುತ್ತವೆ. ಒಂದು, ಕೋಡಿ (ಹೆಚ್ಚಾದ ನೀರು ಹರಿದು ಹೋಗಲು ಬಿಟ್ಟ ದಾರಿ) ಸಾಲದೆ ನೀರು ನೆತ್ತಿ ಹತ್ತಿ ಹರಿಯುವುದು. ಮಣ್ಣಿನ ಒಡ್ಡಿನ ಮೇಲೆ ನೀರು ಹರಿದರೆ ಹೊರಮೈ ಕೊಚ್ಚಲು ಹೆಚ್ಚು ಹೊತ್ತು ಬೇಡ. ಎರಡು, ಒಡ್ಡಿನ ಒಳಗೇ ನೀರು ದಾರಿ ಮಾಡಿಕೊಳ್ಳುವುದು. ಬೇರಿನ ಪಕ್ಕ, ಪೈಪಿನ ಪಕ್ಕ, ಹೆಗ್ಗಣದ ಬಿಲದಲ್ಲಿ, ಸರಿಯಾಗಿ ಕೂರದ ಮಣ್ಣಿನ ಪದರದಲ್ಲಿ ಮೊದಲು ಬೆರಳಷ್ಟು ನೀರು ಬರುತ್ತದೆ. ಅದು ಬರುವಾಗ ಒಂದೊಂದೇ ಕಣ ಮಣ್ಣು ಹೊತ್ತುಕೊಂಡು ಬರುತ್ತದೆ. ದಾರಿ ಹಿಂದಕ್ಕೆ ಹಿಂದಕ್ಕೆ ಕೊರೆಯುತ್ತಾ ಹೋಗಿ ಒಳಗಿನ ನೀರಿಗೆ ಮುಟ್ಟಿದ ದಿನ ಒಡ್ಡು ಹೋಯಿತು ಅಂತಲೇ ಲೆಕ್ಕ.

ಮೈ ಕುಸಿಯುವುದು ಮೂರನೆಯದು. ಇಳಿಜಾರು ತೀರಾ ಕಡಿದಾಗಿದ್ದಾಗ, ಇಲ್ಲವೇ ತುಂಬಿದ ನೀರನ್ನು ಒಂದೇ ಸಲ ಖಾಲಿ ಮಾಡಿದಾಗ ಆಗುವಂಥದ್ದು.

ಹೀಗಾಗಿ ನಮ್ಮ ಮಾತು ಒಂದೇ: ಒಡ್ಡು ನೋಡುವ ಮೊದಲು ಕೋಡಿ ನೋಡಿ. ನೀರು ಹೋಗಲು ನೀವು ದಾರಿ ಕೊಡದಿದ್ದರೆ ಅದು ತಾನೇ ಮಾಡಿಕೊಳ್ಳುತ್ತದೆ.

ಕೋಡಿ ಎಷ್ಟು ಅಗಲ ಇರಬೇಕು?

ಮೇಲಿನ ಎಷ್ಟು ಎಕರೆಯ ನೀರು ನಿಮ್ಮ ಒಡ್ಡಿಗೆ ಬರುತ್ತದೆ ಅನ್ನುವುದರ ಮೇಲೆ ಹೋಗುತ್ತದೆ. ಲೆಕ್ಕ ಕಷ್ಟ ಏನಿಲ್ಲ. ಒಂದು ಎಕರೆ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಸುಮಾರು 4,047 ಲೀಟರ್ ನೀರು. 25 ಎಕರೆ ಎರೆ (ಕಪ್ಪು ಮಣ್ಣಿನ) ಹೊಲದ ನೀರು ಬರುತ್ತದೆ ಅಂದುಕೊಳ್ಳಿ. ಗಂಟೆಗೆ 75 ಮಿ.ಮೀ. ರಭಸದ ಮಳೆ, ಅದರಲ್ಲಿ ಅರ್ಧ ಹರಿದು ಬಂತು ಅಂದರೆ ಸೆಕೆಂಡಿಗೆ ಸಾವಿರ ಲೀಟರ್ ಮೇಲಾಯಿತು. ಊರಿಗೆ ನೀರು ತರುವ 5,000 ಲೀಟರಿನ ಟ್ಯಾಂಕರ್ ಅನ್ನು ಐದೈದು ಸೆಕೆಂಡಿಗೆ ಒಂದರಂತೆ ನಿಮ್ಮ ಒಡ್ಡಿಗೆ ಸುರಿದ ಹಾಗೆ.

ಇಷ್ಟು ನೀರು ಒಂದಡಿ ಆಳದಲ್ಲಿ ಹರಿದು ಹೋಗಬೇಕಾದರೆ ಕೋಡಿ ಕಡಿಮೆ ಅಂದರೂ 13 ಅಡಿ ಅಗಲ ಬೇಕು. ನಾವು 16ಕ್ಕೆ ಹಾಕಿ ಅನ್ನುತ್ತೇವೆ. ಕಸ ಕಡ್ಡಿ ಸಿಕ್ಕಿಕೊಳ್ಳುತ್ತದೆ, ಹುಲ್ಲು ಬೆಳೆಯುತ್ತದೆ, ಮಳೆ ನಮ್ಮ ಲೆಕ್ಕ ಕೇಳಿ ಬರುವುದಿಲ್ಲ. ಹೊಲಗಳಲ್ಲಿ ಕಾಣುವ ಮೂರು ನಾಲ್ಕು ಅಡಿಯ ಕೋಡಿಗಳು ಸಾಧಾರಣ ಮಳೆಗೆ ಸರಿ. ಹಸ್ತ ಮಳೆ ಹೊಡೆದರೆ ಇಲ್ಲ.

ಅಗಲದಷ್ಟೇ ಮುಖ್ಯ ಜಾಗ. ಕೋಡಿಯನ್ನು ತುಂಬಿಸಿದ ಮಣ್ಣಿನ ಮೇಲೆ ತೆಗೆಯಬೇಡಿ. ಒಡ್ಡು ಮುಗಿಯುವ ಕಡೆ, ಒಂದು ಪಕ್ಕದಲ್ಲಿ, ಹುಟ್ಟಾ ಗಟ್ಟಿ ನೆಲವನ್ನೇ ಕಡಿದು ತೆಗೆಯಬೇಕು. ಕೋಡಿ ತಳದಿಂದ ಒಡ್ಡಿನ ನೆತ್ತಿಗೆ 3 ಅಡಿ ಅಂತರ ಇರಲಿ. ಕೋಡಿಯಿಂದ ಇಳಿದ ನೀರು ತಿರುಗಿ ಬಂದು ಒಡ್ಡಿನ ಬುಡಕ್ಕೆ ಹೊಡೆಯದ ಹಾಗೆ ಒಂದಷ್ಟು ದೂರ ಕಾಲುವೆ ಮಾಡಿ ಹಳ್ಳಕ್ಕೆ ಬಿಡಿ. ಇಳಿಯುವ ಜಾಗದಲ್ಲಿ ದಪ್ಪ ಕಲ್ಲು ಹಾಸಿ. ಕಲ್ಲಿಗೇನು ನಮ್ಮ ಕಡೆ ಬರ ಇಲ್ಲವಲ್ಲ.

ಕೋಡಿಗೆ ಕಲ್ಲು, ಮರಳು ಚೀಲ ಇಟ್ಟು ಇನ್ನೊಂದಡಿ ನೀರು ನಿಲ್ಲಿಸಿಕೊಳ್ಳಬಹುದಾ?

ಬೇಡ. ಎಲ್ಲರೂ ಮಾಡುತ್ತಾರೆ, ಗೊತ್ತು. ಸೆಪ್ಟೆಂಬರಿನಲ್ಲಿ ಕಣ್ಣೆದುರು ನೀರು ಹರಿದು ಹೋಗುವಾಗ ಹೊಟ್ಟೆ ಉರಿಯುವುದು ಸಹಜ. ಆದರೆ ಆ ಒಂದಡಿ ಇರುವುದು ನೀರು ನಿಲ್ಲಲಿಕ್ಕಲ್ಲ, ಮಹಾ ಮಳೆ ಬಂದಾಗ ಹರಿಯಲಿಕ್ಕೆ. ಮೀನು ಹೋಗದಿರಲಿ ಅಂತ ಸಣ್ಣ ಕಣ್ಣಿನ ಬಲೆ ಕಟ್ಟುವುದೂ ಇದೇ ಸಾಲಿಗೆ ಸೇರಿದ್ದು. ಅರ್ಧ ಗಂಟೆಯಲ್ಲಿ ಹುಲ್ಲು, ತೊಗರಿ ಕಟ್ಟಿಗೆ, ಪ್ಲಾಸ್ಟಿಕ್ ಬಂದು ಕೂತು ಬಲೆ ಗೋಡೆ ಆಗಿಬಿಡುತ್ತದೆ. ಜಾಸ್ತಿ ನೀರು ಬೇಕೇ ಬೇಕು ಅಂದರೆ ಬೇಸಿಗೆಯಲ್ಲಿ ಒಳಗಡೆ ಆಳ ಮಾಡಿಕೊಳ್ಳಿ.

ಒಡ್ಡಿನ ನೆತ್ತಿ ಸಮ ಇದೆಯೋ ಇಲ್ಲವೋ ಹೇಗೆ ತಿಳಿಯುವುದು?

ಕಣ್ಣಳತೆ ನಂಬಬೇಡಿ. ಗೌಂಡಿಗಳ ಹತ್ತಿರ ಇರುವ ಮಟ್ಟದ ಪೈಪ್ ತನ್ನಿ. ಬೆರಳು ಗಾತ್ರದ, ಒಳಗಿನ ನೀರು ಕಾಣುವ ಪೈಪು. ನೀರು ತುಂಬಿ, ಒಳಗೆ ಗಾಳಿ ಗುಳ್ಳೆ ಉಳಿಯದ ಹಾಗೆ ನೋಡಿಕೊಳ್ಳಿ. ಒಬ್ಬರು ಕೋಡಿ ತಳದಲ್ಲಿ ಅಳತೆ ಕೋಲು ಹಿಡಿದು ನಿಲ್ಲಲಿ, ಇನ್ನೊಬ್ಬರು ಒಡ್ಡಿನ ಮೇಲೆ ಹತ್ತು ಹೆಜ್ಜೆಗೊಮ್ಮೆ ಹಿಡಿಯುತ್ತಾ ಹೋಗಲಿ. ಪೈಪು ಗಿಡ್ಡ ಇದ್ದರೆ ಒಂದು ಜಾಗದ ಮಟ್ಟವನ್ನು ಗೂಟಕ್ಕೆ ಗುರುತು ಹಾಕಿಕೊಂಡು ಮುಂದೆ ಸರಿಯಬಹುದು.

ಕುಷ್ಟಗಿ ಹತ್ತಿರ ಒಂದು ಒಡ್ಡಿಗೆ ಹೀಗೆ ಹಿಡಿದು ನೋಡಿದಾಗ ಎರಡು ಕೊನೆಯಲ್ಲೂ ಎತ್ತರ ಸರಿ ಇತ್ತು. ನಡುವೆ, ಟ್ರ್ಯಾಕ್ಟರ್ ದಾಟುವ ಜಾಗದಲ್ಲಿ, ಗಾಲಿ ಜಾಡು ಮುಕ್ಕಾಲು ಮೊಳ ಕೆಳಗೆ ಇಳಿದಿತ್ತು. ನಿಂತು ನೋಡಿದರೆ ಗೊತ್ತೇ ಆಗುತ್ತಿರಲಿಲ್ಲ. ನೀರಿಗೆ ಗೊತ್ತಾಗುತ್ತದೆ. ಮೊದಲು ಹತ್ತುವುದು ಅಲ್ಲೇ, ಅದೂ ಒಡ್ಡು ಅತಿ ಎತ್ತರ ಇರುವ ಜಾಗದಲ್ಲಿ. ಅಂಥ ತಗ್ಗಿಗೆ ಸುಮ್ನೆ ಒಂದು ಪುಟ್ಟಿ ಮಣ್ಣು ಚೆಲ್ಲಬೇಡಿ. ಹಳೇ ಮಣ್ಣನ್ನು ಕೆದರಿ, ನೀರು ಚಿಮುಕಿಸಿ, ಪದರ ಪದರವಾಗಿ ಹಾಕಿ ಬಡಿಯಿರಿ. ಮೇಲೆ ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ಹಾಕಿ. ನೆತ್ತಿಯ ಮಳೆ ನೀರು ಕೆರೆಯ ಕಡೆಗೇ ಇಳಿಯುವಂತೆ ಸ್ವಲ್ಪ ವಾಟ ಕೊಡಿ.

ಒಡ್ಡಿನ ಹಿಂದೆ, ನೀರು ನಿಲ್ಲದ ಕಡೆ, ಬುಡದಲ್ಲಿ ಜೌಗು ಆಗಿದೆ. ಗಾಬರಿ ಆಗಬೇಕಾ?

ಮಣ್ಣಿನ ಒಡ್ಡು ಅಂದಮೇಲೆ ಸ್ವಲ್ಪ ನೀರು ಜಿನುಗುತ್ತದೆ. ಬಸಿನೀರು ತಿಳಿಯಾಗಿದೆಯಾ, ದಿನದಿಂದ ದಿನಕ್ಕೆ ಹೆಚ್ಚುತ್ತಿದೆಯಾ ಅನ್ನುವುದನ್ನು ನೋಡಿ. ಒಂದು ಗಾಜಿನ ಲೋಟದಲ್ಲಿ ಹಿಡಿದು ಹತ್ತು ನಿಮಿಷ ಇಡಿ. ತಳದಲ್ಲಿ ಮಣ್ಣು ಕೂತರೆ ಒಡ್ಡು ಒಳಗಿಂದ ಕರಗುತ್ತಿದೆ ಅಂತ ಅರ್ಥ. ತಿಳಿಯಾಗಿದ್ದರೆ, ಅಲ್ಲೊಂದು ಗೂಟ ಹೊಡೆದು ಒದ್ದೆಯ ಅಂಚಿಗೆ ಗುರುತು ಮಾಡಿ, ವಾರ ವಾರ ನೋಡಿ. ಕೆರೆಯಲ್ಲಿ ನೀರು ಎಷ್ಟಿತ್ತು ಅನ್ನುವುದನ್ನೂ ಪಕ್ಕದಲ್ಲಿ ಬರೆದಿಡಿ. ಕೆರೆ ನೀರು ಇಳಿದರೂ ಬಸಿನೀರು ಇಳಿಯದಿದ್ದರೆ ಅದು ಕೆಟ್ಟ ಸೂಚನೆ.

ನೀರು ಕೆಂಪಗೆ, ಕಪ್ಪಗೆ ಬರುತ್ತಿದೆ, ಅಥವಾ ಬುಡದಲ್ಲಿ ಮಣ್ಣು ಗುಳುಗುಳು ಉಕ್ಕಿ ಗುಂಪೆ ಆಗುತ್ತಿದೆ ಅಂದರೆ ಅದೇ ಗಳಿಗೆಯಲ್ಲಿ ಕೆಲಸ ಶುರುವಾಗಬೇಕು. ಆಗ ಎಲ್ಲರ ಕೈ ಮೊದಲು ಹೋಗುವುದು ಬಾಯಿ ಮುಚ್ಚಲು. ಹಿಡಿ ಜೇಡಿಮಣ್ಣು ತಂದು ಮೆತ್ತುತ್ತಾರೆ. ಇದು ತಪ್ಪು. ನೀರು ಪಕ್ಕದಲ್ಲಿ ಇನ್ನೊಂದು ಬಾಯಿ ತೆಗೆಯುತ್ತದೆ. ನೀರು ಬರಲಿ, ಮಣ್ಣು ಬರಬಾರದು. ಅದಕ್ಕೆ ಮೊದಲು ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು ಈ ಕ್ರಮದಲ್ಲಿ ಹೇರಬೇಕು. ಉಕ್ಕುವ ಜಾಗದ ಸುತ್ತ ಮರಳು ಚೀಲದಿಂದ ಮೊಳಕಾಲೆತ್ತರ ಬಳೆ ಕಟ್ಟಿದರೆ ಒಳಗೆ ನೀರು ನಿಂತು ಒತ್ತಡ ಕಡಿಮೆ ಆಗುತ್ತದೆ. ಜೊತೆಗೇ ಕೆರೆಯ ನೀರು ಇಳಿಸಲು ಶುರು ಮಾಡಿ. ಇದೆಲ್ಲಾ ತಾತ್ಕಾಲಿಕ. ಆಮೇಲೆ ಇಂಜಿನಿಯರ್ ಬರಲೇಬೇಕು.

ಇದು ನಮ್ಮ ಕಾಲದ ತಲೆನೋವೇನಲ್ಲ. ಪಕ್ಕದ ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಶಾಸನ ಇದೆ, ವಿಜಯನಗರದವರ ಕಾಲದ್ದು. ಕೆರೆಗೆ ಬರುವ ಆರು ದೋಷಗಳನ್ನು ಅದರಲ್ಲಿ ಕೊರೆಸಿದ್ದಾರೆ. ಏರಿಯಿಂದ ನೀರು ಜಿನುಗುವುದು ಅದರಲ್ಲೊಂದು, ಚೌಳು ಮಣ್ಣು ಇನ್ನೊಂದು. ಹೆಚ್ಚು ನೀರು ಬಂದು ನಿಲ್ಲಲು ಜಾಗ ಇಲ್ಲದಿರುವುದನ್ನೂ ಬಿಟ್ಟಿಲ್ಲ. ಅಂದರೆ ಈ ಪುಟದ ಅರ್ಧ ವಿಷಯ ಅಲ್ಲೇ ಇದೆ.

ಚೌಳು ಅಂದಿರಲ್ಲ, ನಮ್ಮ ಮಣ್ಣು ಒಡ್ಡಿಗೆ ಆಗುತ್ತದೋ ಇಲ್ಲವೋ?

ಮನೆಯಲ್ಲೇ ನೋಡಬಹುದು. ಕಡಲೆ ಕಾಳು ಗಾತ್ರದ ಒಣ ಮಣ್ಣಿನ ಹೆಂಟೆ ತಗೊಳ್ಳಿ. ಗಾಜಿನ ಲೋಟದಲ್ಲಿ ಮಳೆ ನೀರು ತುಂಬಿ ಮೆಲ್ಲಗೆ ಒಳಗೆ ಬಿಡಿ, ಅಲ್ಲಾಡಿಸಬೇಡಿ. ಮಳೆ ನೀರೇ ಯಾಕೆ ಅಂದರೆ, ಬೋರ್ ನೀರಿನಲ್ಲಿ ಉಪ್ಪಿನಂಶ ಇರುತ್ತದೆ, ಕೆಟ್ಟ ಮಣ್ಣೂ ಅದರಲ್ಲಿ ಒಳ್ಳೆಯದರ ಹಾಗೆ ಕೂರುತ್ತದೆ. ಮಳೆ ನೀರು ಇಲ್ಲದಿದ್ದರೆ ಬ್ಯಾಟರಿಗೆ ಹಾಕುವ ನೀರು ಆದೀತು.

ಹೆಂಟೆ ಪುಡಿಯಾಗಿ ತಳಕ್ಕೆ ಬಿದ್ದು ನೀರು ತಿಳಿಯಾಗಿಯೇ ಇದ್ದರೆ ಚಿಂತೆ ಇಲ್ಲ. ಹೆಂಟೆಯ ಸುತ್ತ ಹಾಲಿನಂಥ ಮೋಡ ಎದ್ದು, ಒಂದೆರಡು ಗಂಟೆ ಕಳೆದರೂ ಕೂರದೆ ಹರಡುತ್ತಾ ಹೋದರೆ ಆ ಮಣ್ಣಿನಲ್ಲಿ ಸೋಡಿಯಂ ಜಾಸ್ತಿ ಇದೆ. ಅಂಥ ಮಣ್ಣು ನೀರು ಸೋಕಿದ ಕೂಡಲೇ ತಾನೇ ಕರಗುತ್ತದೆ. ತುಂಗಭದ್ರಾ ಕಾಲುವೆ ಕೆಳಗಿನ ಜೌಗು ಹಿಡಿದ ಜಮೀನುಗಳಲ್ಲಿ, ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ, ಇದನ್ನು ನೋಡದೆ ಒಡ್ಡು ಹಾಕಲೇಬೇಡಿ. ಜಿಪ್ಸಂ ಬೆರೆಸಿ ಸರಿಮಾಡಬಹುದು. ಎಷ್ಟು ಬೆರೆಸಬೇಕು ಅನ್ನುವುದು ಮಣ್ಣು ಪರೀಕ್ಷೆ ಮಾಡಿಸಿದ ಮೇಲೆ ಹೇಳುವ ಮಾತು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಇಂಜಿನಿಯರಿಂಗ್ ವಿಭಾಗವೇ ಇದೆ, ಅಲ್ಲಿ ವಿಚಾರಿಸಿ.

ಬೇಸಿಗೆಯಲ್ಲಿ ಎರೆ ಮಣ್ಣಿನ ಒಡ್ಡು ಬಾಯಿ ಬಿಡುತ್ತದೆ. ಏನು ಮಾಡಬೇಕು?

ಎರೆ ನೀರು ಹಿಡಿಯುವುದರಲ್ಲಿ ಒಳ್ಳೆಯದು, ಒಣಗುವುದರಲ್ಲಿ ಕೆಟ್ಟದ್ದು. ಅದಕ್ಕೇ ಒಡ್ಡಿನ ಹೊಟ್ಟೆಗೆ ಎರೆ, ಮೈಮೇಲೆ ಗರಸು ಅಂತ ಹಾಕುವುದು. ಕಡಿಮೆ ಅಂದರೂ ಒಂದಡಿ ದಪ್ಪ ಗರಸು ಹೊದಿಸಿದರೆ ಬಿಸಿಲು ನೇರ ಎರೆಗೆ ತಾಗುವುದಿಲ್ಲ.

ಬಿರುಕು ಯಾವ ಕಡೆ ಹೋಗಿದೆ ನೋಡಿ. ಒಡ್ಡಿನ ಉದ್ದಕ್ಕೆ ಹೋದ ಸಣ್ಣ ಬಿರುಕು ಸಾಮಾನ್ಯ, ಆದರೆ ಅದರ ಒಂದು ಅಂಚು ಕೆಳಗೆ ಕುಸಿದಿದ್ದರೆ ಮೈ ಜಾರುತ್ತಿದೆ ಅಂತ. ಅಡ್ಡಲಾಗಿ, ನೀರಿನ ಕಡೆಯಿಂದ ಹಿಂಭಾಗಕ್ಕೆ ಹೋದ ಬಿರುಕು ಸಣ್ಣದಾದರೂ ಅಪಾಯ. ನೀರಿಗೆ ಅದು ತಯಾರಾದ ಕಾಲುವೆ. ಬಿರುಕಿಗೆ ಮೇಲಿಂದ ಕೆಸರು ಹೊಯ್ದರೆ ಬಾಯಿ ಮಾತ್ರ ಮುಚ್ಚುತ್ತದೆ. ಬಿರುಕಿನ ತಳ ಸಿಗುವವರೆಗೆ ಅಗೆದು, ಗೋಡೆ ಸ್ವಲ್ಪ ಇಳಿಜಾರು ಮಾಡಿ, ಹದ ಮಣ್ಣು ತುಂಬಿ ಬಡಿಯಬೇಕು. ಈ ಕೆಲಸ ಮೇ ತಿಂಗಳಲ್ಲಿ, ರೋಹಿಣಿ ಮಳೆಗೆ ಮೊದಲು ಮುಗಿಯಬೇಕು. ತಳ ಮೂರು ಅಡಿಯಾದರೂ ಸಿಗದಿದ್ದರೆ ನಿಲ್ಲಿಸಿ, ತಿಳಿದವರನ್ನು ಕರೆಯಿರಿ.

ಒಡ್ಡಿನ ಮೇಲೆ ಬಳ್ಳಾರಿ ಜಾಲಿ ಎದ್ದಿದೆ. ಮಣ್ಣು ಹಿಡಿಯುತ್ತದಲ್ಲ, ಇರಲಿ ಅಂತಾರೆ?

ಹೇಳುವವರಿಗೇನು. ಜಾಲಿ ಬೇರು ನೀರು ಹುಡುಕಿಕೊಂಡು ಎಲ್ಲಿಗೆ ಬೇಕಾದರೂ ಹೋಗುತ್ತದೆ, ಒಡ್ಡಿನ ಈ ಪಕ್ಕದಿಂದ ಆ ಪಕ್ಕಕ್ಕೂ ಹೋಗುತ್ತದೆ. ಗಿಡ ಸತ್ತ ಮೇಲೆ ಬೇರು ಕೊಳೆತು ಆ ಜಾಗ ಪೊಳ್ಳಾಗುತ್ತದೆ. ದೊಡ್ಡ ಗಾಳಿಗೆ ಮರ ಬಿದ್ದರೆ ಬುಡದ ಜೊತೆ ಒಡ್ಡಿನ ಒಂದು ಹೋಳನ್ನೇ ಕಿತ್ತುಕೊಂಡು ಬೀಳುತ್ತದೆ. ಬೇವು, ಆಲ, ಅರಳಿಗೂ ಇದೇ ಮಾತು. ಅರಳಿ ಕಡಿಯಲು ಮನಸ್ಸು ಬರುವುದಿಲ್ಲ ಅಲ್ವಾ? ಹಾಗಾದರೆ ಮೊಣಕಾಲೆತ್ತರ ಇದ್ದಾಗಲೇ ಕಿತ್ತು ಬೇರೆ ಕಡೆ ನೆಡಿ.

ಹೆಬ್ಬೆರಳು ದಪ್ಪದವರೆಗೆ ಮಳೆಯ ನಂತರ ಮಣ್ಣು ಹಸಿ ಇರುವಾಗ ಬೇರು ಸಮೇತ ಕಿತ್ತುಬಿಡಿ. ಜಾಲಿಯನ್ನು ಬರೀ ಕಡಿದು ಬಿಟ್ಟರೆ ನಾಲ್ಕರಷ್ಟು ಚಿಗುರುತ್ತದೆ, ನಿಮಗೇ ಗೊತ್ತು. ತೊಡೆ ದಪ್ಪ ಆಗಿದ್ದರೆ ಕೆರೆ ಒಣಗಿದಾಗ ಮಾತ್ರ ಕೈ ಹಾಕಿ: ಬುಡ, ದಪ್ಪ ಬೇರು ಅಗೆದು ತೆಗೆದು, ಗುಂಡಿಯನ್ನು ಪದರ ಪದರವಾಗಿ ತುಂಬಿ ಬಡಿಯಬೇಕು. ನೀರು ತುಂಬಿರುವಾಗ ದೊಡ್ಡ ಬುಡ ಕೀಳುವುದು ಒಡ್ಡಿಗೆ ನಾವೇ ತೂತು ಕೊರೆದ ಹಾಗೆ.

ಒಡ್ಡಿಗೆ ಬೇಕಾದದ್ದು ಹುಲ್ಲು. ಹೊಲದಲ್ಲಿ ನಾವು ಬೈಯುವ ಗರಿಕೆ ಇಲ್ಲಿ ಬಂಗಾರ. ಹೊರಮೈಯಲ್ಲಿ ಲಾವಂಚ ಸಾಲು ಹಾಕಿದರೆ ಇನ್ನೂ ಒಳ್ಳೆಯದು, ದನ ಅದನ್ನು ಅಷ್ಟಾಗಿ ಮೇಯುವುದಿಲ್ಲ. ಕುರಿ, ಎಮ್ಮೆ ಒಡ್ಡು ಹತ್ತಿ ಇಳಿದು ಜಾಡು ಮಾಡದ ಹಾಗೆ ನೀರಿಗೆ ಇಳಿಯಲು ಪಕ್ಕದಲ್ಲಿ ಬೇರೆ ದಾರಿ ಬಿಡಿ.

ಹೆಗ್ಗಣ, ಏಡಿ ಬಿಲಗಳಿಗೆ ಏನು ಮಾಡುವುದು?

ಹುಲ್ಲು ಚಿಕ್ಕದಾಗಿ ಕತ್ತರಿಸಿದ್ದರೆ ಬಿಲ ಕಣ್ಣಿಗೆ ಬೀಳುತ್ತದೆ, ಅದೇ ಅರ್ಧ ಕೆಲಸ. ಬಾಯಿಗೆ ಕಲ್ಲು ತುರುಕಿ ಬರಬೇಡಿ, ಒಳಗಿನ ಸುರಂಗ ಹಾಗೇ ಇರುತ್ತದೆ. ಬಿಲ ಹೋದ ದಾರಿ ಹಿಡಿದು ಅಗೆದು, ಹದ ಮಣ್ಣು ಬಡಿದು ತುಂಬಿ. ಅಗೆಯಲು ಆಗದಷ್ಟು ಆಳ ಇದ್ದರೆ ಎರೆ ಮಣ್ಣಿನ ತೆಳು ಗಾರೆಯನ್ನು ಕೊಳವೆಯಿಂದ ಹೊಯ್ಯುತ್ತಾ ಹೋಗಿ, ಇಳಿದಂತೆಲ್ಲಾ ಮತ್ತೆ ಹೊಯ್ಯಿರಿ. ಕೈ ಹಾಕುವ ಮೊದಲು ಕೋಲು ಹಾಕಿ ನೋಡಿ. ಹೆಗ್ಗಣ ಬಿಟ್ಟ ಮನೆಗೆ ಹಾವು ಬಂದಿರುತ್ತದೆ.

ಜೆಸಿಬಿಯವರು ಮೇಲೆ ಓಡಾಡಿಸಿ ಗಟ್ಟಿ ಮಾಡಿ ಕೊಡ್ತೀವಿ ಅಂತಾರೆ. ಸಾಕಾ?

ಸಾಲದು. ಮೂರಡಿ ಮಣ್ಣು ಒಮ್ಮೆಗೇ ಸುರಿದು ಮೇಲೆ ಓಡಾಡಿಸಿದರೆ ಮೇಲಿನ ಅರ್ಧ ಅಡಿ ಮಾತ್ರ ಕೂರುತ್ತದೆ. ಆರು ಇಂಚು ಮಣ್ಣು, ನೀರು, ಮತ್ತೆ ಉರುಳು. ಹೀಗೇ ಮೇಲೇರಬೇಕು. ರೋಲರ್ ಸಿಗದಿದ್ದರೆ ಮಣ್ಣು ತುಂಬಿದ ಟ್ರಾಲಿ ಸಮೇತ ಟ್ರ್ಯಾಕ್ಟರ್ ಗಾಲಿ ಪ್ರತಿ ಪದರದ ಮೇಲೆ ಇಂಚಿಂಚೂ ಹಾಯಬೇಕು. ಹದ ನೋಡಲು ಮುಷ್ಟಿಯಲ್ಲಿ ಮಣ್ಣು ಹಿಸುಕಿ: ಉಂಡೆ ನಿಲ್ಲಬೇಕು, ಅಂಗೈ ಕೆಸರಾಗಬಾರದು. ಎಷ್ಟು ಕೂರಿಸಿದರೂ ಮೊದಲೆರಡು ಮಳೆಗಾಲದಲ್ಲಿ ಒಡ್ಡು ಇಳಿಯುತ್ತದೆ, 10 ಅಡಿಗೆ ಒಂದಡಿ ಜಾಸ್ತಿ ಹಾಕಿಸಿ.

ಇಳಿಜಾರಿನಲ್ಲಿ ಕಂಜೂಸಿ ಬೇಡ. ನೀರಿನ ಕಡೆ ಒಂದಡಿ ಎತ್ತರಕ್ಕೆ ಮೂರಡಿ, ಹಿಂದೆ ಎರಡಡಿ. ನೆತ್ತಿ 8 ಅಡಿ ಅಂದರೂ 10 ಅಡಿ ಒಡ್ಡಿನ ಬುಡ 58 ಅಡಿ ಅಗಲ ಆಗುತ್ತದೆ. ಇಷ್ಟು ಜಾಗ ಹೋಗುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಹೋಗುತ್ತದೆ. ಜಾಗ ಇಲ್ಲದಿದ್ದರೆ ಎತ್ತರ ಕಡಿಮೆ ಮಾಡಿ, ಇಳಿಜಾರು ಕಡಿದು ಮಾಡಬೇಡಿ.

ಒಡ್ಡಿನ ಒಳಗೆ ಪೈಪ್ ಹಾಕಿ ನೀರು ತೆಗೆಯಬಹುದಾ?

ಕಟ್ಟುವಾಗಲೇ ಸರಿಯಾಗಿ ಹಾಕಿದ್ದರೆ ಸರಿ. ಪೈಪಿನ ಸುತ್ತ ಕಾಂಕ್ರೀಟ್ ಕೊರಳಪಟ್ಟಿ, ಹೊರ ಬಾಯಿ ಹತ್ತಿರ ಮರಳಿನ ಸೋಸು, ಎರಡೂ ಬೇಕು. ಕಟ್ಟಿದ ಒಡ್ಡನ್ನು ಆಮೇಲೆ ಅಗೆದು ಪಿವಿಸಿ ತೂರಿಸುವುದು ಮಾತ್ರ ಬೇಡವೇ ಬೇಡ. ನೆತ್ತಿಯ ಮೇಲಿಂದ ಪೈಪು ಹಾಯಿಸಿ ಸೈಫನ್ ಮಾಡಿ, ಇಲ್ಲವೇ ಮೋಟಾರು ಇಡಿ. ದಿನಕ್ಕೆ ಒಂದಡಿಗಿಂತ ಜಾಸ್ತಿ ನೀರು ಇಳಿಸಬೇಡಿ. ಒದ್ದೆ ಮಣ್ಣಿಗೆ ಎದುರಿನ ನೀರಿನ ಆಸರೆ ಒಮ್ಮೆಗೇ ತಪ್ಪಿದರೆ ಒಳಮೈ ಜಾರುತ್ತದೆ. ಒಡ್ಡು ಒಡೆಯುವ ಅಪಾಯ ಇದ್ದಾಗ ಮಾತ್ರ ಈ ಲೆಕ್ಕ ಬಿಡಿ.

ಹೂಳು ತೆಗೆಸಿದ ಮೇಲೆ ನೀರೇ ನಿಲ್ಲುತ್ತಿಲ್ಲ. ಯಾಕೆ?

ಬಹುಶಃ ಹೂಳಿನ ಜೊತೆ ತಳದ ಜಿಗಟು ಪದರವನ್ನೂ ತೆಗೆದು, ಕೆಳಗಿನ ಗರಸು ಬಿಚ್ಚಿಟ್ಟಿದ್ದೀರಿ. ನೀರು ಕೆಳಗೆ ಹೋಗುತ್ತಿದೆ. ನಿಮ್ಮದೋ ಪಕ್ಕದವರದೋ ಬೋರಿಗೆ ಅನುಕೂಲ ಆಗಿರಬಹುದು, ಅದು ಬೇರೆ ಮಾತು. ಒಂದಡಿ ಎರೆ ಹಾಸಿ, ನೀರು ಹಾಕಿ, ಉರುಳಿಸಿ ಮತ್ತೆ ಮುಚ್ಚಬೇಕು. ಇನ್ನೊಂದು ಎಚ್ಚರ: ಒಡ್ಡಿನ ಒಳ ಬುಡದಿಂದ 15-20 ಅಡಿ ಬಿಟ್ಟು ಅಗೆಯಿರಿ. ಬುಡಕ್ಕೆ ಹತ್ತಿ ಅಗೆದರೆ ಒಡ್ಡಿನ ಕಾಲೇ ತೆಗೆದ ಹಾಗೆ. ತೆಗೆದ ಗೋಡು ಹೊಲಕ್ಕೆ ಒಳ್ಳೆಯದು, ಮಸಾರಿ (ಕೆಂಪು ಮಣ್ಣಿನ) ಹೊಲಕ್ಕಂತೂ ಇನ್ನೂ ಒಳ್ಳೆಯದು. ಒಡ್ಡಿನ ಮೇಲೆ ಮಾತ್ರ ರಾಶಿ ಹಾಕಬೇಡಿ.

ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಕ್ಕೂ ಇದೆಲ್ಲಾ ಬೇಕಾ?

2014ರಲ್ಲಿ ಸರ್ಕಾರದ ಕೃಷಿ ಭಾಗ್ಯ ಯೋಜನೆ ಶುರುವಾದ ಮೇಲೆ ಇಂಥ ಹೊಂಡಗಳು ಬಹಳ ಆದವು. ನೆಲದೊಳಗೆ ಅಗೆದ ಹೊಂಡಕ್ಕೆ ಒಡೆಯುವ ಭಯ ಕಡಿಮೆ. ಅಲ್ಲಿ ಭಯ ಬೇರೆ. ಒದ್ದೆ ಹಾಳೆ ಮೇಲೆ ಕಾಲು ನಿಲ್ಲುವುದಿಲ್ಲ, ಈಜು ಬರುವವರೂ ಮೇಲೆ ಹತ್ತಲಾಗದೆ ಮುಳುಗುತ್ತಾರೆ. ಸುತ್ತ ತಂತಿ ಬೇಲಿ ಹಾಕಿ. ನಾಲ್ಕೂ ಕಡೆ ಗೂಟಕ್ಕೆ ಗಂಟು ಹಾಕಿದ ದಪ್ಪ ಹಗ್ಗ ಕಟ್ಟಿ, ತುದಿ ತಳ ಮುಟ್ಟುವ ಹಾಗೆ ಇಳಿಬಿಡಿ. ಹಳೇ ಟಯರ್ ಒಂದು ದಂಡೆಯಲ್ಲಿ ಇರಲಿ. ಈ ಕೆಲಸ ನಾಳೆ ಅಲ್ಲ, ಇವತ್ತು.

ಒಡ್ಡು ಹಾಕಲು ಯಾರ ಅನುಮತಿ ಬೇಕು? ಅಣೆಕಟ್ಟು ಕಾಯ್ದೆ ನಮಗೂ ಬರುತ್ತದಾ?

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದ ಕಟ್ಟೆಗಳಿಗೆ, ಮತ್ತು 10ರಿಂದ 15 ಮೀಟರಿನ ನಡುವೆ ಇದ್ದು ಉದ್ದ, ನೀರಿನ ಪ್ರಮಾಣದಂಥ ಕೆಲವು ಷರತ್ತಿಗೆ ಸೇರುವ ಕಟ್ಟೆಗಳಿಗೆ. ನಿಮ್ಮ 10 ಅಡಿ ಒಡ್ಡು ಅದರಲ್ಲಿ ಬರುವುದಿಲ್ಲ. ಅಂದರೆ ಬಂದು ತಪಾಸಣೆ ಮಾಡುವ ಅಧಿಕಾರಿಯೂ ಇಲ್ಲ. ನೋಡಿಕೊಳ್ಳುವವರು ನೀವೊಬ್ಬರೇ.

ಹಳ್ಳದ ಮಾತು ಬೇರೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಂ ಪ್ರಕಾರ ಖಾಸಗಿ ಸ್ವತ್ತಲ್ಲದ ಹಳ್ಳ, ನಾಲೆ, ಕೆರೆ, ಹರಿಯುವ ನೀರು ಸರ್ಕಾರದ್ದು. ಪಹಣಿ ನಿಮ್ಮ ಹೆಸರಿಗೆ ಇದ್ದರೂ ಗ್ರಾಮ ನಕಾಶೆಯಲ್ಲಿ ಹಳ್ಳ ತೋರಿಸಿದ್ದರೆ ಅಡ್ಡ ಕಟ್ಟುವ ಮೊದಲು ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ, ಬರಹದಲ್ಲಿ ಉತ್ತರ ತಗೊಳ್ಳಿ. ಕೆಳಗಿನ ಹೊಲದವರ ಜೊತೆ ಮೊದಲೇ ಕೂತು ಮಾತಾಡಿದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಒಡ್ಡು ಒಡೆದು ಕೆಳಗಿನವರ ಬೆಳೆ ಹೋದರೆ ಯಾರು ಕೊಡಬೇಕು?

ಕೋರ್ಟಿಗೆ ಹೋದರೆ ಒಂದೊಂದು ಪ್ರಕರಣವೂ ಬೇರೆ. ಆದರೆ ಎರಡು ಹಳೇ ತೀರ್ಪುಗಳ ಹೆಸರು ಅಲ್ಲಿ ಬಂದೇ ಬರುತ್ತದೆ. 1868ರಲ್ಲಿ ಇಂಗ್ಲೆಂಡಿನ ರೈಲ್ಯಾಂಡ್ಸ್ ಮತ್ತು ಫ್ಲೆಚರ್ ಪ್ರಕರಣ. ಗಿರಣಿ ಮಾಲೀಕನೊಬ್ಬ ಕಟ್ಟಿಸಿದ ಕೆರೆಯ ನೀರು ಪಕ್ಕದವನ ಕಲ್ಲಿದ್ದಲು ಗಣಿಗೆ ನುಗ್ಗಿತು. ತನ್ನ ಲಾಭಕ್ಕೆ ನೀರು ಕೂಡಿಸಿಟ್ಟವನು ಅದು ತಪ್ಪಿಸಿಕೊಂಡರೆ ನಷ್ಟ ಕೊಡಬೇಕು, ನಿರ್ಲಕ್ಷ್ಯ ಇತ್ತೋ ಇಲ್ಲವೋ ಬೇಕಿಲ್ಲ ಅಂತ ತೀರ್ಪಾಯಿತು. ಇನ್ನೊಂದು 1874ರದ್ದು, ನಮ್ಮ ಕಡೆಯದೇ. ಮದ್ರಾಸ್ ಪ್ರಾಂತ್ಯದ ಕಾರ್ವೇಟಿನಗರದ ಜಮೀನ್ದಾರನ ಕೆರೆಗಳು ಒಡೆದು ರೈಲು ಕಂಪನಿಗೆ ನಷ್ಟವಾಗಿತ್ತು. ಆಗ ನಮ್ಮ ದೇಶದ ಮೊಕದ್ದಮೆಗಳಿಗೆ ಎಲ್ಲಕ್ಕಿಂತ ಮೇಲಿನ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರೀವಿ ಕೌನ್ಸಿಲ್ ಜಮೀನ್ದಾರನ ಪರ ಹೇಳಿತು. ತಲೆತಲಾಂತರದಿಂದ ಬಂದ ಕೆರೆ, ಜನರ ಹಿತಕ್ಕಾಗಿ ಅದನ್ನು ಉಳಿಸಿಕೊಂಡು ಹೋಗುವುದು ಅವನ ಕರ್ತವ್ಯ, ನಿರ್ಲಕ್ಷ್ಯ ಇಲ್ಲದಿದ್ದರೆ ಹೊಣೆ ಇಲ್ಲ ಅಂತ.

ನಿಮ್ಮ ಒಡ್ಡು ಯಾವುದಕ್ಕೆ ಹತ್ತಿರ ಅಂತ ನೀವೇ ನೋಡಿ. ಹೋದ ವರ್ಷ ನಿಮ್ಮ ದಾಳಿಂಬೆಗೆ ಅಂತ ಕಟ್ಟಿದ್ದಾದರೆ ಜಮೀನ್ದಾರನ ವಾದ ನಿಮಗೆ ಸಿಗುವುದು ಕಷ್ಟ. ಹೇಗೇ ಇರಲಿ, ಯಾವ ತಿಂಗಳು ಏನು ರಿಪೇರಿ ಮಾಡಿಸಿದಿರಿ ಅಂತ ತಾರೀಖು ಸಮೇತ ಬರೆದಿಟ್ಟ ಒಂದು ನೋಟ್‌ಬುಕ್, ಮೊಬೈಲಿನಲ್ಲಿ ಫೋಟೊ ಇದ್ದರೆ ವಕೀಲರಿಗೆ ಮಾತಾಡಲು ಏನಾದರೂ ಇರುತ್ತದೆ.

ರಾತ್ರಿ ಮಳೆ ನಿಲ್ಲುತ್ತಿಲ್ಲ, ನೀರು ನೆತ್ತಿಗೆ ಅರ್ಧ ಅಡಿ ಇದೆ. ಏನು ಮಾಡಬೇಕು?

ಮೊದಲು ಫೋನ್. ಕೆಳಗೆ ತೋಟದ ಮನೆ, ಕುರಿ ಹಟ್ಟಿ, ಹಳ್ಳದ ಪಕ್ಕ ಮಲಗುವವರು ಯಾರಿದ್ದಾರೋ ಅವರಿಗೆ. ಈ ನಂಬರುಗಳನ್ನು ಮಳೆಗಾಲಕ್ಕೆ ಮೊದಲೇ ಬರೆದಿಡಿ. ಆಮೇಲೆ 112.

ಬೆಳಕು ತಗೊಂಡು, ಜೊತೆಗೊಬ್ಬರನ್ನು ಕರೆದುಕೊಂಡು ಕೋಡಿಗೆ ಹೋಗಿ. ಕಟ್ಟಿಕೊಂಡ ಕಸವನ್ನು ದಡದಲ್ಲಿ ನಿಂತು ಉದ್ದ ಕೊಕ್ಕೆ ಕೋಲಿನಿಂದ ಎಳೆಯಿರಿ, ನೀರಿಗೆ ಇಳಿಯಬೇಡಿ. ಇನ್ನೂ ಏರುತ್ತಿದ್ದರೆ ಕೋಡಿಯ ಆಚೆ ಬದಿಯ ಗಟ್ಟಿ ನೆಲವನ್ನು ಅಗೆದು ಅಗಲ ಮಾಡಿ. ನೆತ್ತಿಯ ತಗ್ಗು ಜಾಗಕ್ಕೆ ಮರಳು ಚೀಲ ಜೋಡಿಸಿ. ನೀರು ಇಳಿಸಲು ಅಂತ ಒಡ್ಡನ್ನು ನಡುವೆ ಕಡಿಯುವುದು ಮಾತ್ರ ಬೇಡ. ಗುದ್ದಲಿ ಅಗಲದ ಕಚ್ಚು ನೋಡ ನೋಡುತ್ತಾ ಟ್ರ್ಯಾಕ್ಟರ್ ಅಗಲ ಆಗುತ್ತದೆ, ಕಡಿದವರೂ ಅದರ ಜೊತೆ ಹೋಗುತ್ತಾರೆ. ನೀರು ನೆತ್ತಿ ಹತ್ತಿ ಹರಿಯಲು ಶುರುವಾದರೆ ಒಡ್ಡಿನ ಮೇಲೂ ಹಿಂದೆಯೂ ಯಾರೂ ನಿಲ್ಲಬಾರದು.

ಎಷ್ಟು ದಿನಕ್ಕೊಮ್ಮೆ ನೋಡಬೇಕು?

ಮೇನಲ್ಲಿ ಒಂದು ದಿನ ಪೂರ್ತಿ: ಬಿರುಕು, ಬಿಲ, ಜಾಲಿ, ಮಟ್ಟ, ಕೋಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ, ದೊಡ್ಡ ಮಳೆ ಬಿದ್ದ ಮಾರನೇ ಬೆಳಿಗ್ಗೆ ತಪ್ಪದೆ. ಒಡ್ಡಿನ ಮೇಲೆ ಬೈಕಿನಲ್ಲಿ ಹೋಗಿ ಬಂದರೆ ನೋಡಿದ ಹಾಗಲ್ಲ. ಹಿಂದಿನ ಬುಡದಲ್ಲಿ ನಡೆಯಿರಿ, ಚಪ್ಪಲಿ ಒದ್ದೆ ಆಗುತ್ತದೋ ನೋಡಿ. ಹೊಸ ಒಡ್ಡಿಗೆ ಮೊದಲ ಸಲ ನೀರು ತುಂಬುವಾಗ ದಿನಾ ಎರಡು ಹೊತ್ತು ಹೋಗಿ. ಬಹಳ ಕಾಯಿಲೆ ಕಾಣಿಸಿಕೊಳ್ಳುವುದು ಆಗಲೇ.

ಅಪ್ಪನ ಕಾಲದ ಒಡ್ಡು, ಈಗ ಕಾಲುವೆ ನೀರು ಬಂದಿದೆ. ಹಾಗೇ ಬಿಟ್ಟುಬಿಡಲಾ?

ಬಿಡಬೇಡಿ. ನೋಡುವವರಿಲ್ಲದ ಒಡ್ಡೂ ಮಳೆ ಬಂದರೆ ನೀರು ನಿಲ್ಲಿಸಿಕೊಳ್ಳುತ್ತದೆ. ಬೇಡ ಅಂದರೆ ಬೇಸಿಗೆಯಲ್ಲಿ, ಕೆರೆ ಒಣಗಿದಾಗ, ಹಳೇ ತಗ್ಗು ಇರುವ ಜಾಗದಲ್ಲೇ ತಳದವರೆಗೆ ಕಡಿದು ತೆರೆಯಿರಿ. ಕಚ್ಚಿನ ತಳ ನೀರು ಬರುವ ಹಳೇ ಸರುವಿನಷ್ಟು ಅಗಲ ಇರಲಿ, ಪಕ್ಕದ ಗೋಡೆ ಇಳಿಜಾರಾಗಿರಲಿ, ತಳಕ್ಕೆ ಕಲ್ಲು ಹಾಸಿ. ಒಳಗೆ ಕೂತ ಹೂಳನ್ನು ಮೊದಲೇ ಹೊಲಕ್ಕೆ ಹೊಡೆಸಿ, ಇಲ್ಲದಿದ್ದರೆ ಮೊದಲ ಮಳೆಗೆ ಅದೆಲ್ಲಾ ಕೆಳಗಿನವರ ಹೊಲದಲ್ಲಿ ಇರುತ್ತದೆ. ಕಡಿಯುವ ದಿನ ಅವರನ್ನೂ ಕರೆಯಿರಿ.